ಕಾಣದ ಪದರಕ್ಕೂ ಬೆಲೆ ಇರಲಿ
(ಮನೆಯಲ್ಲಿ ಹಳೆಯ ಕಾರಿನ ಪುನರುಜ್ಜೀವನ: ಬಣ್ಣದ ವರ್ತಕರು ಹಾಗೂ ಗ್ಯಾರೇಜು ಉದ್ದಿಮೆದಾರರು ಚಿಂತಿಸಬೇಕಾದ ವಿಷಯ)

ಹಳೆಯ ಕಾರೊಂದನ್ನು ಮನೆಯ ಶೆಡ್ಡಿನಲ್ಲಿಯೇ ಬಿಚ್ಚಿ, ತುಕ್ಕು ತೆಗೆದು, ಬಣ್ಣ ಹೊಡೆದು ಮತ್ತೆ ರಸ್ತೆಗಿಳಿಸುವ ಹವ್ಯಾಸವು ಇಂದು ಕೇವಲ ಸಿರಿವಂತರ ಸೊತ್ತಾಗಿ ಉಳಿದಿಲ್ಲ. ಧರ್ಮಸ್ಥಳದ ಕಾರು ಸಂಗ್ರಹಾಲಯ ಹಾಗೂ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯಗಳು ಜನಸಾಮಾನ್ಯರಲ್ಲಿಯೂ ಈ ವಿಷಯದ ಬಗ್ಗೆ ಆಸಕ್ತಿ ಮೂಡಿಸಿವೆ. ತಂದೆಯ ಕಾಲದ ಫಿಯೆಟ್, ತಾತನ ಕಾಲದ ಅಂಬಾಸಿಡರ್ ಅಥವಾ ಸ್ಟ್ಯಾಂಡರ್ಡ್ ಹೆರಾಲ್ಡ್ ಹಿತ್ತಲಿನಲ್ಲಿ ನಿಂತಿರುವ ಮನೆಗಳು ರಾಜ್ಯದಲ್ಲಿ ಇನ್ನೂ ಇವೆ. ಕೇಂದ್ರ ಸರ್ಕಾರವು 2021ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಮೊದಲ ನೋಂದಣಿಯಿಂದ 50 ವರ್ಷ ಮೀರಿದ ಹಾಗೂ ಮೂಲ ಸ್ವರೂಪದಲ್ಲಿಯೇ ಕಾಪಾಡಿಕೊಂಡು ಬಂದ ಖಾಸಗಿ ವಾಹನಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿಯನ್ನು ಕಲ್ಪಿಸಿತು. ಹೊಸ ನೋಂದಣಿಗೆ 20,000 ರೂ. ಶುಲ್ಕ, 10 ವರ್ಷಗಳ ಅವಧಿ, ನವೀಕರಣಕ್ಕೆ 5,000 ರೂ. ಎಂದು ನಿಯಮವು ನಿಗದಿಪಡಿಸಿದೆ. 1970ರ ದಶಕದ ಆರಂಭದ ಕಾರುಗಳು ಈಗ ಈ ವಯೋಮಿತಿಯನ್ನು ದಾಟಿವೆ. ಹೀಗಾಗಿ ಗುಜರಿಗೆ ಹೋಗಬೇಕಾಗಿದ್ದ ವಾಹನಕ್ಕೆ ಕಾನೂನಿನ ಮಾನ್ಯತೆಯೂ ತಕ್ಕ ಬೆಲೆಯೂ ದೊರೆಯುವಂತಾಗಿದೆ.

ಈ ಹವ್ಯಾಸದ ಸುತ್ತ ಬಣ್ಣದ ವರ್ತಕರು, ಟಿಂಕರಿಂಗ್ ಕೆಲಸಗಾರರು, ಪೇಂಟಿಂಗ್ ಶೆಡ್ಡುಗಳು, ರಬ್ಬರ್ ಬೀಡಿಂಗ್ ಹಾಗೂ ಬಿಡಿಭಾಗಗಳ ತಯಾರಕರು ಸೇರಿದ ಸಣ್ಣದೊಂದು ಮಾರುಕಟ್ಟೆ ರೂಪುಗೊಂಡಿದೆ. ಆದರೆ ಈ ಮಾರುಕಟ್ಟೆಯ ಬುಡದಲ್ಲಿಯೇ ಒಂದು ದೋಷವಿದೆ. ಎಲ್ಲರೂ ಬಣ್ಣವನ್ನು ಮಾರುತ್ತಾರೆ. ಬಣ್ಣದ ಕೆಳಗಿರುವ ಪ್ರೈಮರಿಗೆ ಯಾರೂ ಸರಿಯಾದ ಬೆಲೆ ಕಟ್ಟುವುದಿಲ್ಲ. ಗಿರಾಕಿಯು ಕೇಳುವುದಿಲ್ಲ, ವರ್ತಕನು ಹೇಳುವುದಿಲ್ಲ, ಪೇಂಟರನು ಅಂದಾಜು ಪಟ್ಟಿಯಲ್ಲಿ ಬರೆಯುವುದಿಲ್ಲ. ಇದರ ಪರಿಣಾಮವಾಗಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಗುಳ್ಳೆಯೇಳುತ್ತದೆ, ಗಿರಾಕಿಯ ಹಣ ಮುಳುಗುತ್ತದೆ, ವ್ಯಾಪಾರದ ಮೇಲಿನ ನಂಬಿಕೆಯೂ ಅಳಿಯುತ್ತದೆ.

ಹಳೆಯ ಕವಚದ ಸ್ಥಿತಿ

ಇಂದಿನ ಕಾರ್ಖಾನೆಗಳಲ್ಲಿ ಕಾರಿನ ಇಡೀ ಕವಚವನ್ನು ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಪ್ರವಾಹದ ನೆರವಿನಿಂದ ಮೂಲೆಮೂಲೆಗೂ ಲೇಪವನ್ನು ಹಿಡಿಸಲಾಗುತ್ತದೆ. ಇದರ ಸುಧಾರಿತ ರೂಪವಾದ ಕ್ಯಾಥೋಡಿಕ್ ವಿಧಾನವು ಜಗತ್ತಿನ ಕಾರು ಉದ್ಯಮದಲ್ಲಿ ವ್ಯಾಪಿಸಿದ್ದು 1970ರ ದಶಕದ ಉತ್ತರಾರ್ಧದಿಂದೀಚೆಗೆ. ಅದಕ್ಕೂ ಮೊದಲಿನ ಕಾರುಗಳಲ್ಲಿ ಹೊರಮೈಗೆ ದೊರೆತ ರಕ್ಷಣೆಯು ಒಳಪೊಳ್ಳುಗಳಿಗೆ ದೊರೆತಿರಲಿಲ್ಲ. ಬಾಗಿಲಿನ ಕೆಳಅಂಚು, ಚಕ್ರದ ಕಮಾನು, ಕಾಲಿಡುವ ನೆಲ, ಡಿಕ್ಕಿಯ ತಳ, ಮುಂಗಾಜಿನ ರಬ್ಬರಿನ ಕೆಳಭಾಗ ಇವೆಲ್ಲ ಒಳಗಿನಿಂದಲೇ ಕೊಳೆಯುವ ಜಾಗಗಳು. ಹೊರಗಿನಿಂದ ಕಾಸಿನಗಲದ ತುಕ್ಕು ಕಂಡರೆ ಒಳಗೆ ಅಂಗೈಯಗಲದ ತುಕ್ಕು ಇರುವುದು ಅಪರೂಪವೇನಲ್ಲ.

ಇಂತಹ ಕವಚದ ಮೇಲೆ ಎಷ್ಟೇ ದುಬಾರಿಯಾದ ಬಣ್ಣ ಹೊಡೆದರೂ ಅದು ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ’ ಎಂಬಂತಾಗುತ್ತದೆ. ಮೇಲಿನ ಬಣ್ಣವು ನೋಟಕ್ಕೆ ಮೆರುಗು ಕೊಡುತ್ತದೆ, ಬಿಸಿಲನ್ನು ತಡೆಯುತ್ತದೆ. ತುಕ್ಕನ್ನು ತಡೆಯುವ ಹಾಗೂ ಲೋಹವನ್ನೂ ಬಣ್ಣವನ್ನೂ ಒಂದಕ್ಕೊಂದು ಹಿಡಿದಿಡುವ ಕೆಲಸವು ಪ್ರೈಮರಿನದು. ಇಂದಿನ ಕಾರ್ಖಾನೆಯಿಂದ ಹೊರಬರುವ ಕಾರಿನ ಮೇಲಿನ ಎಲ್ಲ ಪದರಗಳ ಒಟ್ಟು ದಪ್ಪವು ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಆರನೆಯ ಒಂದು ಭಾಗವನ್ನೂ ಮೀರದು. ಇಷ್ಟು ತೆಳುವಾದ ಹೊದಿಕೆಯಲ್ಲಿ ಒಂದು ಪದರ ಕೈಕೊಟ್ಟರೆ ಉಳಿದವುಗಳಿಗೆ ನೆಲೆಯಿಲ್ಲ.

ಕ್ರಮ ತಪ್ಪಿದರೆ ಕೆಲಸ ಕೆಟ್ಟಿತು

ಕೆಲಸದ ಕ್ರಮವು ಹೀಗಿದೆ. ಹಳೆಯ ಬಣ್ಣವನ್ನು ತೆಗೆದು ಲೋಹವನ್ನು ಬಯಲಿಗೆ ತರುವುದು. ಕೊಳೆತ ತಗಡನ್ನು ಕತ್ತರಿಸಿ ಹೊಸ ತಗಡು ಬೆಸೆಯುವುದು. ತುಕ್ಕನ್ನು ಉಜ್ಜಿ ಅಥವಾ ಫಾಸ್ಫಾರಿಕ್ ಆಮ್ಲದ ದ್ರಾವಣದಿಂದ ತೊಳೆದು ತೆಗೆಯುವುದು. ಎಣ್ಣೆ ಜಿಡ್ಡನ್ನು ಒರೆಸುವುದು. ಕೂಡಲೇ ಎಪಾಕ್ಸಿ ಪ್ರೈಮರ್ ಹೊಡೆಯುವುದು. ತಗ್ಗುಗಳನ್ನು ಪಾಲಿಯೆಸ್ಟರ್ ಪುಟ್ಟಿಯಿಂದ ತುಂಬಿ ಉಜ್ಜಿದ ಬಳಿಕ ಸರ್ಫೇಸರ್ ಹೊಡೆದು, ವಾಟರ್ ಪೇಪರಿನಲ್ಲಿ ಹಂತಹಂತವಾಗಿ ನಯಗೊಳಿಸಿ, ಕೊನೆಯಲ್ಲಿ ಬಣ್ಣ ಹೊಡೆಯಬೇಕು. ‘ಕೂಡಲೇ’ ಎಂಬ ಪದವನ್ನು ಇಲ್ಲಿ ಅಕ್ಷರಶಃ ಗ್ರಹಿಸಬೇಕು. ಬಯಲಾದ ಉಕ್ಕಿನ ಮೇಲೆ ತೇವದ ಗಾಳಿಯಲ್ಲಿ ಕೆಲವೇ ಗಂಟೆಗಳಲ್ಲಿ ಹೊಸ ತುಕ್ಕು ಮೂಡುತ್ತದೆ. ಬಣ್ಣದ ಉದ್ಯಮದಲ್ಲಿ ಸಾಮಾನ್ಯವಾಗಿ ಪಾಲಿಸುವ ಸೂತ್ರದ ಪ್ರಕಾರ, ಗಾಳಿಯ ತೇವಾಂಶವು ಶೇ. 85ಕ್ಕಿಂತ ಕಡಿಮೆಯಿರಬೇಕು ಹಾಗೂ ಲೋಹದ ಉಷ್ಣಾಂಶವು ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕು. ಕರಾವಳಿ ಮತ್ತು ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆರೆದ ಶೆಡ್ಡಿನಲ್ಲಿ ಈ ಸೂತ್ರವನ್ನು ಪಾಲಿಸುವುದು ಬಹುತೇಕ ಅಸಾಧ್ಯ. ಆದುದರಿಂದ ಲೋಹ ಬಯಲು ಮಾಡುವ ಕೆಲಸವನ್ನು ದೀಪಾವಳಿಯ ನಂತರ ಆರಂಭಿಸಿ ಬೇಸಿಗೆಯೊಳಗೆ ಮುಗಿಸುವುದು ಸೂಕ್ತ.

ಹಣ ಅಥವಾ ಪುರುಸೊತ್ತು ಮುಗಿದು ಕಾರನ್ನು ಸರ್ಫೇಸರ್ ಹಂತದಲ್ಲಿಯೇ ತಿಂಗಳುಗಟ್ಟಲೆ ನಿಲ್ಲಿಸುವುದು ಇನ್ನೊಂದು ಸಾಮಾನ್ಯ ತಪ್ಪು. ಬೂದು ಬಣ್ಣದ ಆ ಮೈಯನ್ನು ನೋಡಿದವರು ‘ಪ್ರೈಮರ್ ಆಗಿದೆ, ಇನ್ನು ಚಿಂತೆಯಿಲ್ಲ’ ಎಂದು ಭಾವಿಸುತ್ತಾರೆ. ಆದರೆ ಸರ್ಫೇಸರ್ ಸೂಕ್ಷ್ಮ ರಂಧ್ರಗಳುಳ್ಳ ಪದರ. ಅದು ನೀರನ್ನು ಹೀರುತ್ತದೆ. ಕೆಳಗೆ ಎಪಾಕ್ಸಿಯಿಲ್ಲದಿದ್ದರೆ ಆ ನೀರು ನೇರವಾಗಿ ಲೋಹವನ್ನು ತಲುಪುತ್ತದೆ. ಕಾಯುವುದು ಅನಿವಾರ್ಯವಾದರೆ ಎಪಾಕ್ಸಿ ಹಂತದಲ್ಲಿ, ಸೂರಿನಡಿಯಲ್ಲಿ ಕಾಯಬೇಕು. ಮುಂದಿನ ಪದರ ಹೊಡೆಯಬೇಕಾದ ಅವಧಿ ಮೀರಿದ್ದರೆ ಆ ಎಪಾಕ್ಸಿ ಮೈಯನ್ನು ಉಜ್ಜಿ ಒರಟುಗೊಳಿಸಿದ ಬಳಿಕವೇ ಮುಂದುವರಿಯಬೇಕು.

ಡಬ್ಬ ಮಾರುವುದೇ, ವ್ಯವಸ್ಥೆ ಮಾರುವುದೇ?

ಬಣ್ಣದ ಇತಿಹಾಸದ ಒಂದು ಅಂಶವನ್ನು ಇಲ್ಲಿ ನೆನಪಿಸಿಕೊಳ್ಳುವುದು ಅವಶ್ಯ. 1920ರ ದಶಕಕ್ಕೆ ಮೊದಲು ಕಾರಿಗೆ ವರ್ಣಮಯ ಲೇಪ ಹಚ್ಚಿ ಒಣಗಿಸಲು ವಾರಗಳೇ ಬೇಕಾಗುತ್ತಿದ್ದವು. 1923ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ತನ್ನ ಓಕ್‌ಲ್ಯಾಂಡ್ ಕಾರುಗಳಿಗೆ ಡ್ಯುಪಾಂಟ್ ಸಂಸ್ಥೆಯ ‘ಡ್ಯೂಕೋ’ ನೈಟ್ರೋಸೆಲ್ಯುಲೋಸ್ ಲ್ಯಾಕರನ್ನು ಬಳಸಿದಾಗ ಆ ಕೆಲಸ ಗಂಟೆಗಳಿಗೆ ಇಳಿಯಿತು. ‘ಡ್ಯೂಕೋ’ ಎಂಬ ಆ ವ್ಯಾಪಾರನಾಮವು ಇಂದಿಗೂ ಇಲ್ಲಿನ ಪೇಂಟರರ, ಬಡಗಿಗಳ ಬಾಯಲ್ಲಿ ಬಣ್ಣದ ಬಗೆಯ ಹೆಸರಾಗಿಯೇ ಉಳಿದಿದೆ. ಮುಂದೆ ಸಿಂಥೆಟಿಕ್ ಎನಾಮೆಲ್, ಬಳಿಕ ಹಾರ್ಡನರ್ ಬೆರೆಸುವ ಎರಡು ಡಬ್ಬದ ಪಿ.ಯು. ಬಣ್ಣಗಳು ಬಂದವು. ಈಗ ಒಂದೇ ಅಂಗಡಿಯ ಕಪಾಟಿನಲ್ಲಿ ಈ ಮೂರೂ ಕಾಲದ ಸರಕು ಅಕ್ಕಪಕ್ಕದಲ್ಲಿ ಕುಳಿತಿದೆ. ತೊಂದರೆ ಹುಟ್ಟುವುದು ಅವುಗಳನ್ನು ಬೆರೆಸಿದಾಗ.

ಕಬ್ಬಿಣದ ಗೇಟಿಗೆ ಹಚ್ಚುವ ಸಾಮಾನ್ಯ ರೆಡ್ ಆಕ್ಸೈಡ್ ಪ್ರೈಮರಿನ ಮೇಲೆ ಸಿಂಥೆಟಿಕ್ ಎನಾಮೆಲ್ ಹೊಡೆದರೆ ಅದೊಂದು ಸುಸಂಗತ ವ್ಯವಸ್ಥೆ. ಹಿಂದಿನ ತಲೆಮಾರಿನ ಕೆಲಸಗಾರರು ಅದರಿಂದ ಒಳ್ಳೆಯ ಫಲವನ್ನೇ ಪಡೆದಿದ್ದಾರೆ. ಅದೇ ರೆಡ್ ಆಕ್ಸೈಡಿನ ಮೇಲೆ ಎನ್.ಸಿ. ಲ್ಯಾಕರ್ ಅಥವಾ ಪಿ.ಯು. ಹೊಡೆದರೆ ಅವುಗಳ ತೀಕ್ಷ್ಣ ಥಿನ್ನರ್ ಕೆಳಪದರವನ್ನು ಮೃದುಗೊಳಿಸಿ ಎಬ್ಬಿಸುತ್ತದೆ, ಮೈಯೆಲ್ಲ ಸುಕ್ಕುಗಟ್ಟುತ್ತದೆ. ಆಮ್ಲಯುಕ್ತ ಎಚ್ ಪ್ರೈಮರಿನ ಮೇಲೆ ನೇರವಾಗಿ ಪಾಲಿಯೆಸ್ಟರ್ ಪುಟ್ಟಿ ಮೆತ್ತಿದರೆ ಪುಟ್ಟಿ ಸರಿಯಾಗಿ ಗಟ್ಟಿಯಾಗದು. ಎನ್.ಸಿ. ಪುಟ್ಟಿಯನ್ನು ದಪ್ಪವಾಗಿ ಮೆತ್ತಿದರೆ ಅದು ತಿಂಗಳುಗಳ ಕಾಲ ಕುಗ್ಗುತ್ತಲೇ ಇದ್ದು, ಹೊಳೆಯುವ ಬಣ್ಣದಡಿಯಲ್ಲಿ ತಗ್ಗುಗಳನ್ನು ತೋರಿಸುತ್ತದೆ. ಈ ಪೈಕಿ ಯಾವುದೂ ಕಳಪೆ ಮಾಲಲ್ಲ. ಒಂದಕ್ಕೊಂದು ಹೊಂದದ ಮಾಲುಗಳನ್ನು ಒಟ್ಟಿಗೆ ಮಾರಿದ್ದೇ ಇಲ್ಲಿನ ದೋಷ.

ಹೀಗಾದಾಗ ನಡೆಯುವ ವಾಗ್ವಾದ ಎಲ್ಲರಿಗೂ ಪರಿಚಿತ. ಪೇಂಟರನು ಬಣ್ಣ ಸರಿಯಿಲ್ಲವೆನ್ನುತ್ತಾನೆ; ವರ್ತಕನು ಕೈಕೆಲಸ ಸರಿಯಿಲ್ಲವೆನ್ನುತ್ತಾನೆ; ಕಂಪನಿಯ ಪ್ರತಿನಿಧಿಯು ಥಿನ್ನರ್ ಬೇರೆ ಕಂಪನಿಯದೆಂದು ಕೈ ತೊಳೆದುಕೊಳ್ಳುತ್ತಾನೆ. ಮಾಲನ್ನು ಮಾಲೀಕನೇ ಕೊಂಡು, ಕೂಲಿಯನ್ನು ಮಾತ್ರ ಪೇಂಟರನಿಗೆ ಕೊಡುವ ಪದ್ಧತಿಯಲ್ಲಿ ಹೊಣೆ ಯಾರದೂ ಅಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಉತ್ಪನ್ನ ಹೊಣೆಗಾರಿಕೆಯನ್ನು ತಯಾರಕ, ಮಾರಾಟಗಾರ ಹಾಗೂ ಸೇವಾದಾರ ಈ ಮೂವರಿಗೂ ವಿಸ್ತರಿಸಿದೆ ಎಂಬುದನ್ನು ವರ್ತಕ ಬಾಂಧವರು ಮರೆಯಬಾರದು. ಯಾವ ದಿನ, ಯಾವ ಡಬ್ಬ, ಯಾವ ಬ್ಯಾಚ್ ಸಂಖ್ಯೆ, ಹಾರ್ಡನರ್ ಯಾವ ಪ್ರಮಾಣದಲ್ಲಿ, ಎರಡು ಪದರಗಳ ನಡುವೆ ಎಷ್ಟು ಹೊತ್ತು ಎಂಬ ಒಂದು ಪುಟದ ದಾಖಲೆಯಿದ್ದರೆ, ತಪ್ಪಿಲ್ಲದವನು ತನ್ನನ್ನು ಸಮರ್ಥಿಸಿಕೊಳ್ಳಬಲ್ಲ. ದಾಖಲೆಯಿಲ್ಲದಿದ್ದರೆ ಸತ್ಯವಂತನ ಮಾತಿಗೂ ಪುರಾವೆಯಿರುವುದಿಲ್ಲ.

ಉಳಿತಾಯದ ನಿಜವಾದ ಲೆಕ್ಕ

ಒಂದು ಕಾರಿನ ಹಳೆ ಬಣ್ಣ ತೆಗೆಯುವಿಕೆ, ಪೂರ್ವಸಿದ್ಧತೆ ಹಾಗೂ ಪ್ರೈಮರಿಗೆ 45,000 ರೂ., ಮೇಲಿನ ಬಣ್ಣಕ್ಕೆ 35,000 ರೂ. ತಗಲುತ್ತದೆ ಎಂದು ಕೇವಲ ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಳ್ಳಬಹುದು. ಮಾಲೀಕನು ಎಪಾಕ್ಸಿ ಬಿಟ್ಟು, ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿಸಿ, ಪೂರ್ವಸಿದ್ಧತೆಯಲ್ಲಿ 15,000 ರೂ. ಉಳಿಸಿದನೆನ್ನೋಣ. ಎರಡು ವರ್ಷಗಳಲ್ಲಿ ಬಣ್ಣ ಎದ್ದರೆ, ಮೊದಲು ವೆಚ್ಚ ಮಾಡಿದ 65,000 ರೂ. ಪೂರ್ಣವಾಗಿ ನಷ್ಟ, ಮತ್ತೆ ಮೊದಲಿನಿಂದ ಮಾಡಲು 80,000 ರೂ. ಬೇಕು. ಒಟ್ಟು 1,45,000 ರೂ. ಮೊದಲೇ ಸರಿಯಾಗಿ ಮಾಡಿದ್ದರೆ 80,000 ರೂ.ಗಳಲ್ಲಿ ಮುಗಿಯುತ್ತಿತ್ತು. ಉಳಿಸಿದ 15,000 ರೂ. ತಂದ ಹೆಚ್ಚುವರಿ ಹೊರೆ 65,000 ರೂ. ಬೆಲೆಯೇರಿಕೆಯನ್ನು ಇದರಲ್ಲಿ ಸೇರಿಸಿಲ್ಲ. ಮೇಲಿನ ಬಣ್ಣ ಕೆಟ್ಟರೆ ಅದನ್ನಷ್ಟೇ ಉಜ್ಜಿ ಮತ್ತೆ ಹೊಡೆಯಬಹುದು. ಪ್ರೈಮರ್ ಕೆಟ್ಟರೆ ಅದರ ಮೇಲಿರುವುದೆಲ್ಲವೂ ಕೆಡುತ್ತದೆ. ಕಡಿತ ಮಾಡಲೇಬೇಕಾದರೆ ಮೆಟಾಲಿಕ್‌ಗೆ ಬದಲು ಸಾದಾ ಬಣ್ಣವನ್ನು ಆರಿಸಿಕೊಂಡು ಮೇಲಿನ ಪದರದಲ್ಲಿ ಕಡಿತ ಮಾಡಬೇಕು. ಹಳೆಯ ಫಿಯೆಟ್ಟಿಗೆ ಸಾದಾ ಬಣ್ಣವೇ ಶೋಭೆ.

ತೆರಿಗೆಯ ದೃಷ್ಟಿಯಿಂದಲೂ ಕೆಲವು ಅಂಶಗಳು ಗಮನಾರ್ಹ. ಬಣ್ಣ, ವಾರ್ನಿಷ್ ಹಾಗೂ ಪುಟ್ಟಿಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು 2018ರ ಜುಲೈ 27ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿಸಲಾಯಿತು, ವಾಹನ ದುರಸ್ತಿ ಸೇವೆಯ ದರವೂ ಶೇ. 18. ಬೇರೊಬ್ಬರ ಸರಕಿನ ಮೇಲೆ ನಡೆಸುವ ಸಂಸ್ಕರಣೆಯನ್ನು ಕಾನೂನು ಸೇವೆಯೆಂದೇ ಪರಿಗಣಿಸುತ್ತದೆ. ಆದುದರಿಂದ ಬಣ್ಣವನ್ನೂ ತಾನೇ ತಂದು ಹೊಡೆಯುವ ಪೇಂಟಿಂಗ್ ಶೆಡ್ಡಿನ ಮಾಲೀಕನು, ಸರಕು ಮಾರಾಟಗಾರರಿಗಿರುವ 40 ಲಕ್ಷ ರೂ. ನೋಂದಣಿ ಮಿತಿ ತನಗೂ ಅನ್ವಯಿಸುತ್ತದೆಂದು ಭಾವಿಸಬಾರದು; ಸೇವಾದಾರನ ಮಿತಿ 20 ಲಕ್ಷ ರೂ. ಮಾತ್ರ. ನೋಂದಾಯಿತ ಶೆಡ್ಡು ಸಾಮಾನ್ಯ ಪದ್ಧತಿಯಲ್ಲಿ ತೆರಿಗೆ ಕಟ್ಟುತ್ತಿದ್ದರೆ ಪ್ರೈಮರ್, ಹಾರ್ಡನರ್, ವಾಟರ್ ಪೇಪರ್ ಎಲ್ಲದರ ಮೇಲಿನ ತೆರಿಗೆಗೂ ಹೂಡುವಳಿ ಜಮೆ ಪಡೆಯಬಹುದು. ಬಿಲ್ಲಿಲ್ಲದೆ ಕೊಂಡ ಪ್ರೈಮರ್ ಅಗ್ಗವೆಂದು ತೋರಿದರೂ ಆ ಜಮೆಯನ್ನು ಕಳೆದುಕೊಳ್ಳುತ್ತದೆ. ಇನ್ನು, ತಮ್ಮ ಹವ್ಯಾಸದ ಕಾರಿನ ಬಣ್ಣದ ಬಿಲ್ಲನ್ನು ಅಂಗಡಿಯ ಖಾತೆಗೆ ಹಾಕುವ ವರ್ತಕರು ಅದು ಸ್ವಂತ ಖರ್ಚೇ ಹೊರತು ವ್ಯಾಪಾರದ ಖರ್ಚಲ್ಲವೆಂಬುದನ್ನು ಅರಿತಿರುವುದು ಒಳಿತು.

ಮನೆಯ ಕೆಲಸ ಯಾವುದು, ಬೂತಿನ ಕೆಲಸ ಯಾವುದು?

ಹಣಕ್ಕಿಂತ ದೊಡ್ಡದಾದ ಪ್ರಶ್ನೆ ಆರೋಗ್ಯದ್ದು. ಎರಡು ಡಬ್ಬದ ಪಿ.ಯು. ಬಣ್ಣ, ಕ್ಲಿಯರ್ ಕೋಟ್ ಹಾಗೂ ಅನೇಕ ಸರ್ಫೇಸರ್‌ಗಳ ಹಾರ್ಡನರಿನಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕವಿರುತ್ತದೆ. ಅದರ ತುಂತುರನ್ನು ಉಸಿರಾಡಿದವರಿಗೆ ಶಾಶ್ವತವಾದ ಉಬ್ಬಸ ತಗಲಬಹುದು. ಒಮ್ಮೆ ದೇಹ ಸೂಕ್ಷ್ಮಗೊಂಡರೆ ಅತ್ಯಲ್ಪ ಪ್ರಮಾಣವೂ ಅಪಾಯಕಾರಿ. ವಾಸನೆಯಿಂದ ಇದರ ಎಚ್ಚರಿಕೆ ಸಿಗುವುದಿಲ್ಲ. ಬಟ್ಟೆಯ ಮುಖಕವಚದಿಂದ ಯಾವ ಪ್ರಯೋಜನವೂ ಇಲ್ಲ. ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖಕವಚವೂ ಗಾಳಿ ಹೊರಹಾಕುವ ಬೂತೂ ಬೇಕು. ಮಕ್ಕಳು ಆಡುವ, ಪಕ್ಕದಲ್ಲಿಯೇ ಅಡುಗೆಮನೆಯಿರುವ ಶೆಡ್ಡು ಇದಕ್ಕೆ ತಕ್ಕ ಸ್ಥಳವಲ್ಲ. ಥಿನ್ನರ್ ಆವಿಗೆ ಬೆಂಕಿ ತಗಲುವ ಭಯವೂ ಇದೆ. ಹಳೆಯ ಬಣ್ಣದಲ್ಲಿ ಸೀಸವಿರುವ ಸಾಧ್ಯತೆಯೂ ಉಂಟು. ಸೀಸವನ್ನು 90 ಪಿ.ಪಿ.ಎಂ.ಗೆ ಮಿತಿಗೊಳಿಸಿದ 2016ರ ನಿಯಮವು ಗೃಹಬಳಕೆಯ ಹಾಗೂ ಅಲಂಕಾರಿಕ ಬಣ್ಣಗಳಿಗೆ ಸಂಬಂಧಿಸಿದ್ದು. ಅರ್ಧ ಶತಮಾನದ ಹಿಂದಿನ ಕಾರಿನ ಬಣ್ಣಕ್ಕೆ ಅದರ ಭರವಸೆ ಸಲ್ಲದು. ಆದುದರಿಂದ ಹಳೆ ಬಣ್ಣವನ್ನು ಒಣದಾಗಿ ಉಜ್ಜಿ ದೂಳೆಬ್ಬಿಸದೆ ನೀರು ಹಾಕಿ ಉಜ್ಜಬೇಕು. ಕೆಸರನ್ನು ಚರಂಡಿಗೆ ಬಿಡಬಾರದು.

ಇದರಿಂದ ಕೆಲಸದ ಹಂಚಿಕೆ ತಾನಾಗಿಯೇ ಸ್ಪಷ್ಟವಾಗುತ್ತದೆ. ಬಿಚ್ಚುವುದು, ತುಕ್ಕು ತೆಗೆಯುವುದು, ಗಾಳಿಯಾಡುವಲ್ಲಿ ಕೈಗವಸು ಹಾಗೂ ರಾಸಾಯನಿಕ ಆವಿಯನ್ನು ಹೀರುವ ಮುಖಕವಚ ಧರಿಸಿ ಎಪಾಕ್ಸಿ ಹೊಡೆಯುವುದು, ಪುಟ್ಟಿ ಮೆತ್ತುವುದು, ತಾಳ್ಮೆಯಿಂದ ಉಜ್ಜುವುದು ಇವು ಮನೆಯ ಕೆಲಸ. ಸರ್ಫೇಸರ್ ಹಾಗೂ ಕೊನೆಯ ಬಣ್ಣ ಬೂತಿನ ಕೆಲಸ. ಹವ್ಯಾಸಿಯ ಅತ್ಯಂತ ಅಗ್ಗದ ಸಂಪನ್ಮೂಲ ಅವನ ಸಮಯ. ಪೇಂಟಿಂಗ್ ಶೆಡ್ಡಿನ ಅತ್ಯಂತ ದುಬಾರಿ ಸಂಪನ್ಮೂಲವೂ ಸಮಯವೇ. ಉಜ್ಜುವ ದಿನಗಟ್ಟಲೆಯ ಕೆಲಸ ಮನೆಯಲ್ಲಿ, ಗಂಟೆಗಳ ಸ್ಪ್ರೇ ಕೆಲಸ ಬೂತಿನಲ್ಲಿ ನಡೆದರೆ ಇಬ್ಬರಿಗೂ ಲಾಭ.

‘ಎಲ್ಲವನ್ನೂ ಮನೆಯಲ್ಲಿಯೇ ಮಾಡುವುದರಲ್ಲಿಯೇ ಆನಂದವಿದೆ’ ಎಂಬ ಹವ್ಯಾಸಿಗಳ ವಾದವನ್ನು ತಳ್ಳಿಹಾಕುವಂತಿಲ್ಲ. ಅಂತಹವರಿಗೆ ಹಾರ್ಡನರ್ ಬೇಡದ ಎನ್.ಸಿ. ಲ್ಯಾಕರ್ ಇಂದಿಗೂ ಯೋಗ್ಯ ಆಯ್ಕೆ. ಅದು ಬೇಗ ಒಣಗುತ್ತದೆ, ಪಾಲಿಶ್ ಹಿಡಿಯುತ್ತದೆ, ಗೀರು ಬಿದ್ದ ಜಾಗವನ್ನು ಸುಲಭವಾಗಿ ಸರಿಪಡಿಸಬಹುದು, ಹಳೆಯ ಕಾರಿಗೆ ಹಳೆಯ ಹೊಳಪನ್ನೇ ಕೊಡುತ್ತದೆ. ಪೆಟ್ರೋಲ್ ಚೆಲ್ಲಿದರೆ ಕಲೆಯಾಗುವುದು, ಬಿಸಿಲಿಗೆ ಬೇಗ ಮಂಕಾಗುವುದು ಅದರ ದೋಷಗಳು. ಥಿನ್ನರಿನ ಆವಿ ಹಾಗೂ ಬೆಂಕಿಯ ಭಯ ಇಲ್ಲಿಯೂ ತಪ್ಪಿದ್ದಲ್ಲ. ಈ ಗುಣದೋಷಗಳನ್ನು ಗಿರಾಕಿಗೆ ಮೊದಲೇ ಹೇಳುವ ವರ್ತಕನ ಅಂಗಡಿಗೆ ಆತ ಮತ್ತೆ ಬರುತ್ತಾನೆ.

ಆಗಬೇಕಾದ ಕೆಲಸ

ಮೊದಲನೆಯದಾಗಿ, ಅಂದಾಜು ಪಟ್ಟಿಯಲ್ಲಿ ‘ಪೇಂಟಿಂಗ್’ ಎಂಬ ಒಂದೇ ಸಾಲಿನ ಬದಲು ಬಣ್ಣ ತೆಗೆಯುವಿಕೆ, ತುಕ್ಕು ನಿವಾರಣೆ, ಎಪಾಕ್ಸಿ, ಪುಟ್ಟಿ, ಸರ್ಫೇಸರ್, ಉಜ್ಜುವಿಕೆ, ಬಣ್ಣ ಎಂದು ಪ್ರತ್ಯೇಕ ಸಾಲುಗಳಿರಬೇಕು. ಕಾಣದ ಕೆಲಸವು ಕಾಗದದ ಮೇಲಾದರೂ ಕಂಡರೆ ಗಿರಾಕಿಯು ಅದರ ಬೆಲೆಯನ್ನು ಒಪ್ಪುತ್ತಾನೆ. ಬಣ್ಣವು ನೋಂದಣಿ ಪತ್ರದಲ್ಲಿ ದಾಖಲಾಗಿರುವ ವಿವರವಾದುದರಿಂದ, ಬಣ್ಣ ಬದಲಾಯಿಸುವವರು ಮೊದಲೇ ಸಾರಿಗೆ ಕಚೇರಿಯನ್ನು ವಿಚಾರಿಸಬೇಕೆಂಬ ಸೂಚನೆಯೂ ಪಟ್ಟಿಯಲ್ಲಿರಲಿ.

ಎರಡನೆಯದಾಗಿ, ವರ್ತಕರು ಬಿಡಿ ಡಬ್ಬಗಳ ಬದಲು ಪ್ರೈಮರಿನಿಂದ ಮೇಲ್ಪದರದವರೆಗೆ ಪರಸ್ಪರ ಹೊಂದುವ ಪೂರ್ಣ ಸರಣಿಯನ್ನು, ಬೆರೆಸುವ ಪ್ರಮಾಣ ಹಾಗೂ ಕಾಯುವ ಅವಧಿಯ ಕನ್ನಡ ಚೀಟಿಯೊಂದಿಗೆ ಮಾರಬೇಕು. ಕಂಪನಿಗಳ ತಾಂತ್ರಿಕ ಹಾಳೆಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ. ಸ್ಪ್ರೇ ಗನ್ ಹಿಡಿಯುವ ಕೈಗೆ ಅವು ತಲುಪುವುದಿಲ್ಲ.

ಮೂರನೆಯದಾಗಿ, ಒಬ್ಬ ಸಣ್ಣ ಉದ್ದಿಮೆದಾರನಿಗೆ ಸುಸಜ್ಜಿತ ಬೂತಿನ ಬಂಡವಾಳ ಭಾರವಾದೀತು. ಸಣ್ಣ ಉದ್ದಿಮೆಗಳ ಸಮೂಹಗಳಿಗೆ ಸಾಮಾನ್ಯ ಸೌಲಭ್ಯ ಕೇಂದ್ರ ಸ್ಥಾಪಿಸಲು ನೆರವು ನೀಡುವ ಕೇಂದ್ರ ಸರ್ಕಾರದ ಕ್ಲಸ್ಟರ್ ಅಭಿವೃದ್ಧಿ ಕಾರ್ಯಕ್ರಮದಡಿ, ಪೀಣ್ಯ, ಬೈಕಂಪಾಡಿ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗದಂತಹ ಕೈಗಾರಿಕಾ ಪ್ರದೇಶಗಳ ಉದ್ದಿಮೆದಾರರು ಬಾಡಿಗೆಯ ಬೂತೊಂದನ್ನು ಜಂಟಿಯಾಗಿ ಯೋಜಿಸುವ ಸಾಧ್ಯತೆಯನ್ನು ಪರಿಶೀಲಿಸಬಹುದು. ಹಳೆಯ ಕಾರುಗಳಷ್ಟೇ ಅಲ್ಲದೆ ಉಕ್ಕಿನ ಪೀಠೋಪಕರಣ, ಯಂತ್ರದ ಕವಚ, ದ್ವಿಚಕ್ರ ವಾಹನಗಳ ಬಿಡಿಭಾಗಗಳ ಕೆಲಸವೂ ಅಲ್ಲಿ ನಡೆದರೆ ಬೂತು ಖಾಲಿ ನಿಲ್ಲುವುದಿಲ್ಲ.

ಈ ಮೂರರಲ್ಲಿ ಮೊದಲ ಎರಡಕ್ಕೆ ಬಂಡವಾಳವಾಗಲಿ ಸರ್ಕಾರದ ಅನುಮತಿಯಾಗಲಿ ಬೇಕಿಲ್ಲ. ಒಂದು ಹಾಳೆ ಕಾಗದ ಸಾಕು. ವಾಣಿಜ್ಯ ಸಂಸ್ಥೆಗಳು ಅಂತಹ ಮಾದರಿ ಅಂದಾಜು ಪಟ್ಟಿಯನ್ನೂ ಪದರಗಳ ದಾಖಲೆ ಹಾಳೆಯನ್ನೂ ಸಿದ್ಧಪಡಿಸಿ ಸದಸ್ಯರಿಗೆ ಹಂಚಲು ಮುಂದಾಗುವುದು ಉಚಿತ. ಮುಂದಿನ ಮಳೆಗಾಲ ಮುಗಿದು ಶೆಡ್ಡುಗಳಲ್ಲಿ ಹಳೆಯ ಕಾರುಗಳ ಬಣ್ಣ ಕೆರೆಯುವ ಕೆಲಸ ಆರಂಭವಾಗುವ ಹೊತ್ತಿಗೆ ಆ ಹಾಳೆಗಳು ಬಣ್ಣದ ಅಂಗಡಿಗಳ ಗಲ್ಲಾದ ಪಕ್ಕದಲ್ಲಿರಬೇಕು.